ಬಂಡೆಯ ಮೇಲಿನ ಹಗೇವು

೧೫ ಆಗಸ್ಟ್ ೨೦೨೨, ಸೋಮವಾರ

ಕಲ್ಲಿನಾಥ ಹೀಗೆ ಮಾಡಬಾರದಿತ್ತು. ರಜಾಕಾರರ ಕಾಲದಲ್ಲಿ ನಮ್ಮಜ್ಜ ಅವನ ಅಜ್ಜನನ್ನು ನಮ್ಮ ಅಂಗಳದ ಹಗೇವಿನಲ್ಲಿ, ಜೋಳ ತೆಗೆದು ಬರಿದಾಗಿದ್ದ ಕುಣಿಯಲ್ಲಿ, ಮೂರು ದಿನ ಬಚ್ಚಿಟ್ಟಿದ್ದ. ಸ್ವಾತಂತ್ರ್ಯದ ಎಪ್ಪತ್ತೈದರ ಭಾಷಣಕ್ಕೆಂದು ಹೋದ ವಾರ ಕಲ್ಲಿನಾಥನೇ ಬಂದು ಅವ್ವನ ಮಗ್ಗುಲಲ್ಲಿ ಕೂತು ಎಲ್ಲ ಬರೆದುಕೊಂಡು ಹೋಗಿದ್ದ.

ಇಂದು ಧ್ವಜಕಟ್ಟೆಯ ಮೇಲೆ ನಿಂತು ನನ್ನ ಕಡೆ ಕೈ ಮಾಡಿದ: "ಇವ್ರಜ್ಜಗ ನಮ್ಮಜ್ಜನೇ ನಮ್ಮ ಹಗೇವಿನ್ಯಾಗ ಇಟ್ಟು ಉಳಿಸ್ಯಾನ್ರಿ!"

ಅವರ ಮನೆ ಇರುವುದೇ ಬಂಡೆಯ ಮೇಲೆ. ಅಲ್ಲಿ ಹಗೇವು ತೋಡುವುದೆಲ್ಲಿ? ಊರೆಲ್ಲ ಚಪ್ಪಾಳೆ ತಟ್ಟಿತು. ನಾನೂ ತಟ್ಟಿದೆ, ಥೂ.

ಮನೆಗೆ ಬಂದರೆ ಅವ್ವ ಕೇಳಿದಳು, "ಮಾವನೋರ ಹೆಸರು ತಗೊಂಡನೇನಪ್ಪಾ?"

"ಎರಡು ಸಲ ತಗೊಂಡನವ್ವಾ."

ಅವಳು ಕಣ್ಣೊರೆಸಿಕೊಂಡಳು. "ಉಪಕಾರ ಮರೀಲಿಲ್ಲ ನೋಡು. ನಾಳಿ ಅವ್ರ ಮನೀಗಿ ಹೋಳಿಗಿ ಕೊಟ್ಟು ಬಾ."