ಫೆರಿ ಬಾರದ ಬುಧವಾರಗಳು

ಸೂಲಿಸೇ ದ್ವೀಪ, ಸ್ಕಾಟ್ಲೆಂಡ್
ಮಾರ್ಚ್ ೯

ಪ್ರೀತಿಯ ತೋರ್ಕಿಲ್,

ಹೇಗಿದ್ದೀಯ? ನಿನ್ನ ಹಡಗು ಈಗ ಯಾವ ಬಂದರಿನಲ್ಲಿದೆಯೋ. ನಿನ್ನ ಕಾಗದಕ್ಕೆ ಇಷ್ಟು ತಡವಾಗಿ ಉತ್ತರಿಸುತ್ತಿದ್ದೇನೆ, ಬೇಸರಿಸಬೇಡ. ಫೋನಿನಲ್ಲಿ ನಾವು ಗಂಡ ಹೆಂಡತಿ ಇಬ್ಬರೂ ಗಾಳಿ ಮಳೆಯ ಸುದ್ದಿ ಬಿಟ್ಟು ಬೇರೇನೂ ಆಡುವುದಿಲ್ಲ. ಅದಕ್ಕೇ ಇದನ್ನು ಬರೆದೇ ಹೇಳೋಣವೆನಿಸಿತು.

ಇಲ್ಲಿ ವಾರದಿಂದ ಮಂಜು. ಕಡಲು ಎಲ್ಲಿ ಮುಗಿಯಿತು, ಆಕಾಶ ಎಲ್ಲಿ ಶುರುವಾಯಿತು ತಿಳಿಯುವುದಿಲ್ಲ. ಕಿಟಕಿಯಲ್ಲಿ ನಿಂತರೆ ಮನೆಯೇ ಮೆಲ್ಲಗೆ ತೇಲಿಕೊಂಡು ಎಲ್ಲಿಗೋ ಹೊರಟಂತಿರುತ್ತದೆ. ಕಾಣದ ಬಂಡೆಗಳ ಮೇಲಿಂದ ಸೀಲು ಪ್ರಾಣಿಗಳ ದನಿ ಕೇಳುತ್ತದೆ. ಇಂಥ ದಿನ ಆಚೆ ದಡದಿಂದ ಜನರನ್ನು ದಾಟಿಸುವ ಫೆರಿ ಬರುವುದಿಲ್ಲ. ಮೊದಲೆಲ್ಲ ಫೆರಿ ಬಾರದಿದ್ದರೆ ಇಸೊಬೆಲ್ ಕೂಡ ಬರುತ್ತಿರಲಿಲ್ಲ.

ಅವರ ವಿಷಯ ನಿನಗೆ ಹೇಳಿಯೇ ಇಲ್ಲ. ಮನಸ್ಸಿನ ನೋವಿಗೆ ಮಾತಿನ ಚಿಕಿತ್ಸೆ ಕೊಡುವವರು. ಬುಧವಾರ ಆಚೆ ದಡದಿಂದ ಬಂದು ಸಂಜೆಗೆ ಮರಳುತ್ತಿದ್ದರು. ಅಷ್ಟರಲ್ಲಿ ನಾಲ್ಕು ಜನರನ್ನು ನೋಡಿದರೆ ಹೆಚ್ಚು. ಕಾಯುವವರ ಸಾಲಿನಲ್ಲಿ ಅರ್ಧ ದ್ವೀಪವೇ ಇತ್ತು. ಹೋದ ವರ್ಷದ ಚಳಿಗಾಲದಿಂದ ನಾನೂ ಇದ್ದೆ.

ಏಡಿ ಹಿಡಿಯುವ ಅಲಾಸ್ಡರ್ ಗೊತ್ತಲ್ಲ, ದೋಣಿ ಮಗುಚಿದ ಮೇಲೆ ನೀರಿಗಿಳಿಯದವನು. ಅವನ ಸರದಿ ಬಂದಾಗಲೆಲ್ಲ ಫೆರಿ ತಪ್ಪಿತು. ಜನವರಿಯಲ್ಲಿ ಫೆರಿ ನಿಲ್ಲುವ ಕಟ್ಟೆಯ ಮೇಲೆ ಒಬ್ಬನೇ ಕೂತಿದ್ದ. ಪಕ್ಕದಲ್ಲಿ ಕೂತೆ.

“ಹೇಳ್ಬೇಕಾದ್ದನ್ನೆಲ್ಲ ಜೋಡಿಸ್ಕೊಂಡು ಬಂದಿರ್ತೀನಿ, ಶೋನಕ್. ವಾಪಸ್ ಹೊತ್ಕೊಂಡು ಹೋಗೋವಾಗ ಇನ್ನೂ ಭಾರ,” ಎಂದ. ಆಮೇಲೆ ಮೆಲ್ಲಗೆ, “ಇನ್ನು ಬರಲ್ಲ ಬಿಡು,” ಎಂದ. ಅವನು ಅದನ್ನು ಹೇಳಿದ ರೀತಿಗೆ ಅವನನ್ನು ಒಬ್ಬನೇ ಬಿಡಲು ಮನಸ್ಸಾಗದೆ ಅವನ ಮನೆ ಬಾಗಿಲವರೆಗೂ ಜೊತೆಗೆ ನಡೆದೆ.

ಮುಂದಿನ ವಾರ ಇಸೊಬೆಲ್ ಬಂದಾಗ ಇಲ್ಲೇ ಏಕೆ ಉಳಿಯಬಾರದೆಂದು ಕೇಳಿದೆ. ಚಳಿಗಾಲದಲ್ಲಿ ಹೋಟೆಲು ಮುಚ್ಚಿರುತ್ತದೆ, ಬೇರೆ ಜಾಗ ಸಿಕ್ಕಿಲ್ಲ ಎಂದರು. ನಮ್ಮ ಮನೆಗೆ ಬನ್ನಿ, ಮಂಗಳವಾರ ಬಂದರೆ ಶುಕ್ರವಾರ ಹೋಗಿ ಎಂದೆ.

“ನೀವು ನನ್ನ ಹತ್ರ ಬರಬೇಕಾದೋರು. ನಿಮ್ಮನೇಲೇ ಉಂಡ್ಕೊಂಡು ನಿಮಗೆ ಚಿಕಿತ್ಸೆ ಕೊಡೋ ಹಾಗಿಲ್ಲ.”

“ಹಾಗಾದ್ರೆ ನನ್ನ ಹೆಸರು ತೆಗೀರಿ.”

“ನಿಮ್ಮ ಸರದಿ ಹತ್ರಾನೇ ಬಂದಿದೆ. ಎಷ್ಟು ಕಾದಿದ್ದೀರಿ ಗೊತ್ತಾ?”

“ಗೊತ್ತು. ಅದಕ್ಕೇ ಹೇಳ್ತಿರೋದು.”

ಅವರು ತಮ್ಮ ಪಟ್ಟಿ ತೆರೆದರು. ಹೆಸರು ತೆಗೆಯಲಿಲ್ಲ, ನನ್ನನ್ನು ಆಚೆ ದಡದ ಇನ್ನೊಬ್ಬ ಚಿಕಿತ್ಸಕರಿಗೆ ವಹಿಸಿದರು. ಬೇಸಿಗೆಯವರೆಗೆ ಕಾಯಬೇಕು. ಕಾಯುತ್ತೇನೆ.

ಫೆಬ್ರವರಿಯಿಂದ ಅವರು ನಮ್ಮ ಮನೆಯಲ್ಲಿದ್ದಾರೆ. ಸಾಲು ಕರಗುತ್ತಿದೆ. ಹೊಸದಾಗಿ ಹೆಸರು ಕೊಟ್ಟವರನ್ನು ತಿಂಗಳೊಳಗೆ ಕರೆಯುತ್ತಾರೆ. ಅಂಗಡಿಯ ಎಫಿ, “ಮೊದಲು ಕಾದು ಕಾದೇ ಹುಚ್ಚು ಹಿಡೀತಿತ್ತು, ಈಗ ಹುಚ್ಚು ಹಿಡಿಯೋಕೂ ಪುರುಸೊತ್ತು ಕೊಡಲ್ಲ ಆಯಮ್ಮ,” ಎಂದು ನಗುತ್ತಾಳೆ. ಅವಳೂ ಗುರುವಾರ ಇಸೊಬೆಲ್ ಹತ್ತಿರ ಹೋಗಿ ಬರುತ್ತಾಳೆ. ಮೊದಲು ಒಳಗೆ ಹೋದವನು ಅಲಾಸ್ಡರ್. ಅಲ್ಲಿ ಏನು ಹೇಳುತ್ತಾನೋ ತಿಳಿಯದು. ನಿನ್ನೆ ಮಾತ್ರ ದೋಣಿಗೆ ಬಣ್ಣ ಬಳಿಯುತ್ತಿದ್ದ.

ಬೆಳಗಿನ ಅರೆನಿದ್ದೆಯಲ್ಲಿ ಮಹಡಿಯ ಮೇಲೆ ಹೆಜ್ಜೆ ಸಪ್ಪಳ ಕೇಳುತ್ತದೆ. ಯಾರದೆಂದು ನೆನಪಾಗುವವರೆಗಿನ ಆ ಒಂದು ಗಳಿಗೆ, ತೋರ್ಕಿಲ್, ಕಣ್ಣು ತೆರೆಯದೆ ಹಾಗೇ ಮಲಗಿರುತ್ತೇನೆ.

ಕಡಲು ನಿನ್ನನ್ನು ಹಗುರಾಗಿ ನಡೆಸಲಿ. ಬೆಚ್ಚಗಿರು, ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ ಹೆಂಡತಿ,
ಶೋನಕ್

ಮರೆತ ಮಾತು: ಯಾವ ಕೋಣೆ ಕೊಟ್ಟೆ ಎಂದು ನೀನು ಕೇಳುತ್ತೀಯ. ಮಹಡಿಯಲ್ಲಿ ಇರುವುದು ಒಂದೇ, ನಮ್ಮ ಎಯ್ಲಿಯದು. ಮಗಳು ತೀರಿಹೋದ ದಿನ ನೀನು ಹಾಕಿದ ಬೀಗವನ್ನು ನಾನೇ ತೆಗೆದೆ. ಅವಳ ಉಣ್ಣೆಯ ಹೊದಿಕೆಯನ್ನು ಒಗೆಯುವ ಮೊದಲು ಒಂದು ಇಡೀ ಮಧ್ಯಾಹ್ನ ಮುಖಕ್ಕೆ ಒತ್ತಿಕೊಂಡು ಕೂತಿದ್ದೆ. ಅವಳ ವಾಸನೆ ಅದರಲ್ಲಿರಲಿಲ್ಲ. ಯಾವಾಗಲೋ ಹೋಗಿಬಿಟ್ಟಿತ್ತು. ನಾವಿಬ್ಬರೂ ಇಷ್ಟು ದಿನ ಬಾಗಿಲು ಹಾಕಿಕೊಂಡು ಕಾದದ್ದು ಬರೀ ಉಣ್ಣೆಯನ್ನು. ಸಿಟ್ಟಾದರೂ ಪರವಾಗಿಲ್ಲ, ಮನೆಗೆ ಬಾ.