ಗೋಡೆ ಬದಿಯ ಸಾಲು

ಗುರುವಾರ, ಅಂಗಡಿ ತೆರೆಯುವ ಮುಂಚೆ

ತಂಗೀ, ನಿನಗೆ ಅಕ್ಕನ ಅಕ್ಕರೆ.

ಮೊದಲು ಖರ್ಚು ಬರೆದುಬಿಡುತ್ತೇನೆ, ಬೀಜದಂಗಡಿಯವಳಿಗೆ ಬರುವ ಭಾಷೆ ಅದೊಂದೇ. ನಿನ್ನ ಹೊಸ ಬಟಾಣಿ ತಳಿಗೆ ಹೋದದ್ದು ಇಷ್ಟು: ನನ್ನ ಹಿತ್ತಲು, ನಿನ್ನ ಹನ್ನೊಂದು ವರ್ಷ, ಚಿಮುಟದಿಂದ ಹೂ ಬಿಡಿಸಿ ಬಿಡಿಸಿ ಕೆಟ್ಟ ನಿನ್ನ ಕಣ್ಣು, ಕಾದು ಸಾಕಾಗಿ ಬೇರೆ ಮನೆ ಮಾಡಿದ ನಿನ್ನ ಗಂಡ. ಜೊತೆಗೆ, ತಳಿಯ ಹೆಸರು ಅಚ್ಚು ಹಾಕಿಸಿ ನಿನ್ನ ಭಾವ ತಂದಿಟ್ಟ ಐನೂರು ಚೀಲ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದು ಅವರ ಹುಟ್ಟುಗುಣ. ಅದು ಮಾತ್ರ ನಮ್ಮ ಮಗನಿಗೆ ಚಾಚೂ ತಪ್ಪದೆ ಇಳಿದು ಬಂದಿದೆ.

ನಿನ್ನ ಕಾಗದ ಬಂತು. ಏಳು ಊರುಗಳಲ್ಲಿ ಬಿತ್ತಿ ನೋಡಿದ ಬೀಜ ಕಂಪನಿಯವರು ನಿನ್ನ ‘ರಾಣಿ’ ತಳಿಯಲ್ಲಿ ಹೇಳಿದಷ್ಟು ಪ್ರೋಟೀನ್ ಇಲ್ಲವೆಂದು ಕೈಬಿಟ್ಟರಂತೆ. “ಅವರ ಅಳತೆನೇ ತಪ್ಪು ಅಕ್ಕಾ. ಹಿತ್ತಲು ಇನ್ನೈದು ವರ್ಷ ಕೊಡು, ಶಾಲೆ ಕೆಲಸ ಬಿಟ್ಟು ಬಂದ್ಬಿಡ್ತೀನಿ” ಎಂದು ಬರೆದಿದ್ದೀಯ.

ಕೊಡುವುದಿಲ್ಲ.

ಮುನಿಸು ಬೇಡ. ಮೊದಲ ವರ್ಷ ಹಿತ್ತಲ ಮೆಟ್ಟಿಲ ಮೇಲೆ ಕೂತು ನೀನು ನನಗೆ ಪಾಠ ಹೇಳಿದ್ದೆ: ಬಳ್ಳಿ ಬಾಗುವಷ್ಟು ಕಾಯಿ ಜಗ್ಗುವ ತಳಿಯಲ್ಲಿ ಪ್ರೋಟೀನ್ ಕಡಿಮೆ, ಪ್ರೋಟೀನ್ ಇರುವ ತಳಿಯಲ್ಲಿ ಕಾಯಿ ಕಡಿಮೆ, ಎರಡನ್ನೂ ಕೂಡಿಸುತ್ತಾ ಹೋದರೆ ಎರಡೂ ಗುಣ ಹೊತ್ತ ಮಗಳೊಬ್ಬಳು ಎಂದಾದರೂ ಹುಟ್ಟಿಯಾಳು. ಆಗ ನಾನು, “ಅಪ್ಪನ ಮೂಗು, ಅಮ್ಮನ ಬಾಯಿ ಎರಡೂ ನನಗೇ ಬಂತಲ್ಲೇ, ಏನ್ ಲಾಭ ಆಯ್ತು?” ಎಂದಿದ್ದೆ. “ಅಂಗಡಿ ನಡೀತಿರೋದೇ ಆ ಬಾಯಿಂದ, ಸುಮ್ನಿರು” ಎಂದೆ ನೀನು.

ನಾಲ್ಕನೆಯ ಪೀಳಿಗೆಯಲ್ಲಿ ಗೋಡೆ ಬದಿಯ ಸಾಲಿನಲ್ಲಿ ರಾಣಿ ಸಿಕ್ಕಳು. ಪ್ರತಿ ವರ್ಷ ಜಾಗ ಬದಲಿಸಬೇಕೆಂಬುದು ನಿನ್ನದೇ ನಿಯಮ. ಎಲ್ಲ ತಳಿಗೂ ಅದು ಅನ್ವಯಿಸಿತು, ರಾಣಿಯೊಬ್ಬಳನ್ನು ಬಿಟ್ಟು. “ಅಲ್ಲಿ ಗಾಳಿ ಹೊಡೆಯಲ್ಲ, ಮುದ್ದಿನ ಮಗಳು ಅಲ್ಲೇ ಇರ್ಲಿ” ಎನ್ನುತ್ತಿದ್ದೆ ನೀನು. ಪ್ರತಿ ಕೊಯ್ಲಿಗೂ ಪ್ರಯೋಗಾಲಯದ ಚೀಟಿಯಲ್ಲಿ ಪ್ರೋಟೀನಿಗೆ ಅವಳದೇ ಮೇಲುಗೈ. ನಾವಿಬ್ಬರೂ ಕುಣಿದದ್ದೇ ಕುಣಿದದ್ದು.

ಶಾಲೆ ಬಿಡಬೇಡ. ಕನ್ನಡಕ ಬದಲಿಸಿಕೋ.

ನಿನ್ನ
ಅಕ್ಕ

ಮರೆತದ್ದು: ಮರೆತದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ಈ ಸಲ ನೀನು ಬರದೆ ಗೋಡೆ ಬದಿಯ ಸಾಲು ಖಾಲಿ ಬಿದ್ದಿತ್ತು. ನಿನ್ನ ಭಾವ ಅಂಗಡಿ ಮೂಟೆಯಿಂದ ಒಂದು ಹಿಡಿ ಸಾದಾ ಬಟಾಣಿ ಊರಿದರು. ನಿನ್ನ ಕಾಗದ ಓದಿ ಅನುಮಾನ ಬಂದು, ಅದರ ಕಾಳನ್ನು ನೀನು ಕಳಿಸುತ್ತಿದ್ದ ಪ್ರಯೋಗಾಲಯಕ್ಕೇ ಕಳಿಸಿದೆ. ರಾಣಿಯಷ್ಟೇ ಪ್ರೋಟೀನ್. ನಾವು ಈ ಮನೆ ಕೊಳ್ಳುವ ಮುಂಚೆ ಆ ಗೋಡೆಗಂಟಿ ಕುದುರೆ ಲಾಯವಿತ್ತಂತೆ, ಗೊಬ್ಬರವೆಲ್ಲ ಅಲ್ಲೇ ಹೂತಿತ್ತಂತೆ. “ನೀವು ಕೇಳ್ಲಿಲ್ಲ, ನಾನು ಹೇಳ್ಲಿಲ್ಲ” ಎನ್ನುತ್ತಾರೆ ಪಕ್ಕದ ಮನೆ ಅಜ್ಜಿ. ಆ ಗುಣ ಬೀಜದ್ದಲ್ಲ ತಂಗೀ, ಮಣ್ಣಿನದು. ಕಾಯಿ ಜಗ್ಗುವುದೊಂದೇ ರಾಣಿಯ ಸ್ವಂತದ್ದು, ಅದು ಅವಳ ತಾಯಿಗೆ ಮೊದಲೇ ಇತ್ತು. ಇಷ್ಟು ವರ್ಷ ತಿಣುಕಿ ತಿರುಗಿ ತಾಯಿಯನ್ನೇ ಹಡೆದೆವು.

ಬಂದದ್ದು: ಸತ್ತ ಕುದುರೆಗಳಿಗೆ ಕೀರ್ತಿ. ಭಾವನಿಗೆ ಇದ್ದಿಲು ತುಂಬಲು ಚೀಲ. ನನಗೆ ಹಿತ್ತಲು ವಾಪಸ್ಸು. ನಿನಗೆ ಈ ಕಾಗದ.