ಇಬ್ಬರಿಗೂ ಬರೆದ ಮಾತ್ರೆ

ಸೆಪ್ಟೆಂಬರ್ 4, ಬೆಳಿಗ್ಗೆ 8.30
ಇಡ್ಲಿ ತಿಂದು ಮಾತ್ರೆ ನುಂಗಿದೆ. ಹದಿನಾಲ್ಕನೆಯದು. ಸೊಂಟದ ಹುಳುಕಡ್ಡಿ ಒಣಗುತ್ತಿದೆ. ನನಗೂ ನಮ್ಮ ಯಜಮಾನರಿಗೂ ಒಂದೇ ಕೋರ್ಸ್. ಮನೆಯಲ್ಲಿ ಒಬ್ಬರು ಬಿಟ್ಟರೂ ಇನ್ನೊಬ್ಬರಿಗೆ ಮತ್ತೆ ಹತ್ತುತ್ತದೆ ಎಂದಿದ್ದಾರೆ ಡಾಕ್ಟರ್. 25ಕ್ಕೆ ಫಾಲೋಅಪ್, ಶಿಕಾರಿಪುರದಲ್ಲಿ. ವಾಸಿ ಎಂದರೆ ಮಾತ್ರ ಕೂಸನ್ನು ಮುಟ್ಟಬಹುದು. 28ಕ್ಕೆ ಕುಪ್ಪಗಡ್ಡೆಯಲ್ಲಿ ತಮ್ಮನ ಮಗಳ ತೊಟ್ಟಿಲು ಶಾಸ್ತ್ರ. ತೊಡೆಯ ಮೇಲೆ ಮಲಗಿಸಿಕೊಂಡು ಕಿವಿಯಲ್ಲಿ ಹೆಸರು ಹೇಳುವವಳು ಸೋದರತ್ತೆ — ಅಂದರೆ ನಾನು!

ಸೆಪ್ಟೆಂಬರ್ 5
ಇವರ ಸ್ಟ್ರಿಪ್‌ನಲ್ಲಿ ಒಂಬತ್ತು ಮಾತ್ರೆ ಹಾಗೇ ಇವೆ. ಕೇಳಿದೆ.
“ತುರಿಕೇನೇ ಇಲ್ಲ, ಮಾತ್ರೆ ಯಾಕೆ? ಹೀಟು.”
ಕುತ್ತಿಗೆಯಲ್ಲಿ ಹುಳುಕಡ್ಡಿಯ ಉಂಗುರ ಇದ್ದೇ ಇದೆ. ಅಂಗಡಿಯವನು ಕೊಟ್ಟ ಯಾವುದೋ ಟ್ಯೂಬ್ ಹಚ್ಚುತ್ತಾರೆ. ಬಟ್ಟೆಯನ್ನಾದರೂ ಬೇರೆ ಒಗೆಯುತ್ತೇನೆ ಎಂದರೆ ಅತ್ತೆ ಬಿಡಲಿಲ್ಲ. “ಗಂಡನ ಬಟ್ಟೆ ಬೇರೆ ಒಗದ್ರೆ ನೋಡ್ದೋರು ಏನಂತಾರೆ? ರೋಗ ತಂದೋಳೇ ನೀನು.” ಮೈಯೆಲ್ಲ ಉರಿಯಿತು. ಎಲ್ಲವನ್ನೂ ಒಟ್ಟಿಗೇ ನೆನೆಹಾಕಿದೆ.

ಸೆಪ್ಟೆಂಬರ್ 25, ಸಂಜೆ
ಹೊಸದು ಎರಡು. ಸೊಂಟದಲ್ಲೊಂದು, ತೋಳಿನಲ್ಲೊಂದು.
“ಮಾತ್ರೆ ತಪ್ಪಿಸಿದ್ರಾ, ಗಂಗಾಶ್ರೀ?” ಡಾಕ್ಟರ್ ಕೇಳಿದರು.
ನಾನು ಬಾಯಿ ತೆರೆಯುವ ಮೊದಲೇ ಇವರು, ಕುತ್ತಿಗೆಯವರೆಗೆ ಗುಂಡಿ ಹಾಕಿಕೊಂಡೇ, “ನಂದು ಪೂರ್ತಿ ವಾಸಿ ಆಗೈತೆ ಡಾಕ್ಟ್ರೇ. ಇವ್ಳಿಗೇ ಮರೆವು.”
“ಹೌದು, ಮರೆತೆ” ಎಂದುಬಿಟ್ಟೆ. ಒಂದು ದಿನವೂ ತಪ್ಪಿಸದ ನಾನು!
ಚೀಟಿಯಲ್ಲಿ ಇರ್ರೆಗ್ಯುಲರ್ ಎಂದು ಬರೆದರು. ಮತ್ತೆ ಒಂದು ತಿಂಗಳು. ಕೂಸನ್ನು ಮುಟ್ಟಬೇಡಿ.
ಊರಿಗೆ, ತಾಳಗುಂದಕ್ಕೆ ಬರುವ ಬಸ್ಸಿನಲ್ಲಿ ಅಳು ತಡೆಯಲಾಗಲಿಲ್ಲ. ನಿಜ ಹೇಳಿದ್ದರೆ ಮನೆಯಲ್ಲಿ ನೆಟ್ಟಗೆ ಬಾಳಲು ಬಿಡುತ್ತಿದ್ದರೇ? ಬಿಸಿ ತುಪ್ಪ. ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ.

ಸೆಪ್ಟೆಂಬರ್ 28, ಬೆಳಿಗ್ಗೆ
ನನಗೆ ಜ್ವರವಂತೆ. ತಮ್ಮನ ಮನೆಗೆ ಹಾಗೆಂದು ಹೇಳಿಸಿದ್ದೇನೆ. ಇವರೂ ಅತ್ತೆಯೂ ಹೊರಟರು.
“ದೂರದಿಂದ ನೋಡಿ ಬರ್ರೀ. ಎತ್ಕೋಬೇಡ್ರಿ.”
“ನಂಗ್ಯಾಕೆ ಹೇಳ್ತೀ? ರೋಗ ನಿಂದು.”

12.40
ತಮ್ಮನ ಹೆಂಡತಿ ಶರಣ್ಯ ಫೋಟೊ ಕಳಿಸಿದ್ದಾಳೆ. ಕೂಸು ಇವರ ಹೆಗಲ ಮೇಲೆ ನಿದ್ದೆ ಹೋಗಿದೆ. ಸೆಕೆಗೆ ಅಂಗಿಯ ಗುಂಡಿ ಬಿಚ್ಚಿಕೊಂಡಿದ್ದಾರೆ. ಕೂಸಿನ ಕೆನ್ನೆ ಸರಿಯಾಗಿ ಆ ಉಂಗುರದ ಮೇಲೆ. ಕೆಳಗೆ ಬರೆದಿದ್ದಾಳೆ — ‘ಭಾವ ಕೂಸನ್ನ ಬಿಡ್ತಾನೇ ಇಲ್ಲ ಅಕ್ಕ.’

ಇವರಿಗೆ ನಾಲ್ಕು ಸಲ ಫೋನ್ ಮಾಡಿದೆ. ಎತ್ತುತ್ತಿಲ್ಲ. ಶರಣ್ಯಳಿಗೆ ಹೇಳಿದರೆ ತುಂಬಿದ ಮನೆಯಲ್ಲಿ ಇವರ ಮಾನ... ಇವತ್ತು ಸಂಜೆ ನಾನು ಈ ಮನೆಯಲ್ಲಿ... ಹೇಳದಿದ್ದರೆ? ತಿಂಗಳೂ ತುಂಬದ ಕೆನ್ನೆ.

12.55
ಫೋನನ್ನು ಸ್ಪೀಕರ್‌ಗೆ ಹಾಕಿ ಪಕ್ಕಕ್ಕಿಟ್ಟಿದ್ದೇನೆ. ಕೈಗೆ ಬರೆಯುವ ಕೆಲಸ ಕೊಡದಿದ್ದರೆ ಕಟ್ ಮಾಡಿಬಿಡುತ್ತೇನೆ. ಶರಣ್ಯಳ ನಂಬರ್. ರಿಂಗ್ ಆಗುತ್ತಿದೆ... ಆಗುತ್ತಿದೆ... “ಹಲೋ, ಅಕ್ಕ?”